ದೋಣಿಯಲ್ಲೇ ಸಂಸಾರ: ಸೆಖೆ, ತೇವ ಮತ್ತು ಅಕ್ಕಪಕ್ಕದವರು

ದೋಣಿಯಲ್ಲೇ ಮನೆ ಮಾಡಿಕೊಂಡಿದ್ದೇವೆ ಅಂದರೆ ಜನ ಮೊದಲು ಕೇಳುವುದು ‘ಅಷ್ಟು ಸಣ್ಣ ಜಾಗ ಸಾಕಾಗುತ್ತಾ?’ ಅಂತ. ಸಾಕಾಗುತ್ತೆ. 11 ಮೀಟರ್ ಉದ್ದದ ಹಾಯಿದೋಣಿಯಲ್ಲಿ ನಮ್ಮಿಬ್ಬರಿಗೆ ಜಾಗ ಕಡಿಮೆ ಅನ್ನಿಸಿಲ್ಲ. ಬಿಸಿಲ ಸೀಮೆಯ ಬಂದರಿನಲ್ಲಿ ನಿಜಕ್ಕೂ ಹಿಂಡುವುದು ಸೆಖೆ ಮತ್ತು ತೇವ. ನನ್ನ ದಿನದ ಕೆಲಸಗಳಲ್ಲಿ ಹೆಚ್ಚಿನವು ಇವೆರಡರ ಸುತ್ತಲೇ ಇರುತ್ತವೆ.

ಲಂಗರು ಹಾಕಿ ನಿಂತ ದೋಣಿ ತಾನಾಗಿ ಗಾಳಿಗೆ ಮುಖ ಮಾಡುತ್ತದೆ. ಮುಂಭಾಗದ ಹ್ಯಾಚ್ (ಮೇಲ್ಭಾಗದ ಮುಚ್ಚಳದಂಥ ಕಿಂಡಿ) ತೆರೆದರೆ ಗಾಳಿ ನೇರ ಒಳಗೆ ಬರುತ್ತದೆ. ಮರೀನಾದಲ್ಲಿ, ಅಂದರೆ ದೋಣಿ ನಿಲ್ಲಿಸುವ ಪುಟ್ಟ ಬಂದರಿನಲ್ಲಿ, ಹಿಂದೆಮುಂದೆ ಹಗ್ಗ ಬಿಗಿದ ದೋಣಿಗೆ ಆ ಭಾಗ್ಯವಿಲ್ಲ. ಅಡ್ಡಗಾಳಿ ಹ್ಯಾಚ್ ಮೇಲೆಯೇ ಹಾದುಹೋಗುತ್ತದೆ. ಹಾಗಾಗಿ ಬರ್ತ್ (ದೋಣಿ ಕಟ್ಟುವ ಜಾಗ) ಹುಡುಕುವಾಗ ನಾನು ಗಮನಿಸಿದ್ದು ಗಾಳಿಯ ದಿಕ್ಕನ್ನು. ಕರಾವಳಿಯಲ್ಲಿ ಹಗಲು ಗಾಳಿ ಕಡಲಿನಿಂದ ನೆಲದ ಕಡೆಗೆ, ರಾತ್ರಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ. ನಾವು ಮಲಗುವುದು ಮುಂಭಾಗದ ಕೋಣೆಯಲ್ಲಿ, ಹಾಗಾಗಿ ದೋಣಿಯ ಮೂತಿ ನೆಲದ ಕಡೆಗಿರುವ ಬರ್ತ್ ಹಿಡಿದೆ. ರಾತ್ರಿಯ ಗಾಳಿ ಹಾಸಿಗೆಯ ಮೇಲೇ ಇಳಿಯುತ್ತದೆ, ಹಗಲಿನ ಗಾಳಿ ಹಿಂಬದಿಯ ಬಾಗಿಲಿನಿಂದ ಬರುತ್ತದೆ. ಮರೀನಾದವರು ತೋರಿಸುವ ಜಾಗ ದಡದ ಶೌಚಾಲಯಕ್ಕೆ ಹತ್ತಿರವೋ ದೂರವೋ ಎಂದು ಅಳೆಯುತ್ತಾ ಕೂರುವವರೇ ಹೆಚ್ಚು. ನನ್ನ ಮಟ್ಟಿಗೆ ಅದು ಆಮೇಲಿನ ಮಾತು.

ಹಾಯಿಯ ಕೆಳಅಂಚು ಹಿಡಿಯುವ ಅಡ್ಡಕಂಬದ, ಅಂದರೆ ಬೂಮಿನ ಮೇಲಿಂದ ಎರಡೂ ಬದಿಗೆ ತಿಳಿಬಣ್ಣದ ಚಪ್ಪರ ಎಳೆದು ಕಟ್ಟಿದ್ದೇನೆ. ಬಟ್ಟೆ ಡೆಕ್ಕಿಗೆ ತಾಗಬಾರದು, ನಡುವೆ ಗಾಳಿಯಾಡಬೇಕು. ಚಪ್ಪರದ ನೆರಳಿನಲ್ಲಿ ಡೆಕ್ ಮೇಲೆ ಬರಿಗಾಲಲ್ಲಿ ನಿಲ್ಲಬಹುದು; ಅಂಚು ದಾಟಿದರೆ ಕಾಲು ಚುರ್ ಅನ್ನುತ್ತದೆ. ಒಂದು ಎಚ್ಚರ: ನೆರಳು ಸೋಲಾರ್ ಫಲಕದ ಮೇಲೆ ಬೀಳಬಾರದು. ಫಲಕದ ಒಂದು ಮೂಲೆ ಮುಚ್ಚಿದರೂ ವಿದ್ಯುತ್ ತೀರಾ ಇಳಿದುಹೋಗುತ್ತದೆ.

ತೇವದ ಬೇರು ಉಪ್ಪಿನಲ್ಲಿದೆ. ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ಉಪ್ಪು ನೀರೆಳೆದುಕೊಂಡು ಕರಗಲು ಶುರುವಾಗುತ್ತದೆ. ಕಡಲಿನಲ್ಲಿ ನೆನೆದ ಬಟ್ಟೆಯನ್ನು ಹಾಗೇ ಒಣಗಿಸಿದರೆ ಮಧ್ಯಾಹ್ನ ಗರಿಗರಿ, ರಾತ್ರಿ ಮತ್ತೆ ಒದ್ದೆ. ಉಪ್ಪುಮೈಯಲ್ಲಿ ಮೆತ್ತೆಯ ಮೇಲೆ ಕೂತರೂ ಅದೇ ಕಥೆ. ನಮ್ಮ ದೋಣಿಯಲ್ಲಿ ಸಿಹಿನೀರಿನಲ್ಲಿ ಮೈ ತೊಳೆಯದೆ ಯಾರೂ ಮೆಟ್ಟಿಲಿಳಿದು ಒಳಗೆ ಬರುವಂತಿಲ್ಲ. ಅತಿಥಿಗಳಿಗೆ ಇದು ಅತಿರೇಕ ಅನ್ನಿಸುತ್ತದೆ, ಅನ್ನಿಸಲಿ. ಹಾಸಿಗೆ ಕೆಳಗೆ ಮರದ ಪಟ್ಟಿಗಳಿವೆ, ಕಪಾಟಿನ ಬಾಗಿಲುಗಳಲ್ಲಿ ತೂತುಗಳಿವೆ. ಗಾಳಿ ತಲುಪದ ಮೂಲೆಯಲ್ಲಿ ಬೂಷ್ಟು ಖಚಿತ.

ನೀರೊಳಗಿನ ಕಥೆ ಇನ್ನೊಂದು. ಪ್ರೊಪೆಲ್ಲರ್ ಶಾಫ್ಟಿಗೆ ಕಟ್ಟಿದ ಸತುವಿನ ಆ್ಯನೋಡ್ ತಾನು ಸವೆದು ಬೆಲೆಬಾಳುವ ಲೋಹವನ್ನು ಉಳಿಸುತ್ತದೆ. ಅರ್ಧ ಕರಗಿದರೆ ಬದಲಿಸಬೇಕು. ಮರೀನಾದಲ್ಲಿ ದಡದ ಕರೆಂಟಿಗೆ ಪ್ಲಗ್ ಹಾಕಿದ ಕೂಡಲೇ ಅರ್ಥಿಂಗ್ ತಂತಿಯ ಮೂಲಕ ಎಲ್ಲಾ ದೋಣಿಗಳ ಲೋಹಗಳೂ ಒಂದಕ್ಕೊಂದು ಜೋಡಿಯಾಗುತ್ತವೆ. ಪಕ್ಕದವನು ಆ್ಯನೋಡ್ ಬದಲಿಸದೆ ಬಿಟ್ಟರೆ ನನ್ನ ಸತು ಅವನ ದೋಣಿಯನ್ನೂ ಕಾಯುತ್ತಾ ಬೇಗ ಮುಗಿದುಹೋಗುತ್ತದೆ! ತಡೆಯಲು ಅರ್ಥಿಂಗ್ ತಂತಿಗೆ ಗ್ಯಾಲ್ವಾನಿಕ್ ಐಸೋಲೇಟರ್ (ಲೋಹ ಸವೆಸುವ ಸಣ್ಣ ಕರೆಂಟನ್ನು ತಡೆಯುವ ಸಾಧನ) ಕೂರಿಸಿದೆ. ತಂತಿಯನ್ನೇ ಕತ್ತರಿಸಿಬಿಡಿ ಎಂದು ಸಲಹೆ ಕೊಡುವವರೂ ಸಿಗುತ್ತಾರೆ. ಕೇಳಬೇಡಿ, ಅದು ಜೀವಕ್ಕೇ ಅಪಾಯ. ಬೆಚ್ಚಗಿನ ನೀರಿನಲ್ಲಿ ಪಾಚಿ, ಬಾರ್ನಕಲ್ (ತಳಕ್ಕೆ ಅಂಟಿಕೊಳ್ಳುವ ಚಿಪ್ಪುಜೀವಿ) ಬೆಳೆಯುವ ವೇಗ ಹೇಳತೀರದು. ಅಲುಗದೆ ನಿಂತ ದೋಣಿಗೆ ಇನ್ನೂ ಹೆಚ್ಚು. ಕನ್ನಡಕ ಹಾಕಿ ಮುಳುಗಿ, ಮೃದುವಾದ ಬಟ್ಟೆಯಿಂದ ಒರೆಸುತ್ತೇನೆ. ಗಟ್ಟಿಯಾಗಿ ಕೆರೆದರೆ ಇವು ಅಂಟದಂತೆ ಬಳಿದ ಆ್ಯಂಟಿಫೌಲಿಂಗ್ ಬಣ್ಣವೂ ಎದ್ದುಬರುತ್ತದೆ. ಇಳಿಯುವ ಮುಂಚೆ ಆಸುಪಾಸಿನ ದಡದ ಕರೆಂಟ್ ಪೂರ್ತಿ ತೆಗೆಸಿದ್ದು ಖಾತ್ರಿಯಾಗಬೇಕು, ಮರೀನಾದ ಅನುಮತಿಯೂ ಬೇಕು. ಸೋರಿದ ಕರೆಂಟು ನೀರಿನಲ್ಲಿ ಈಜುವವರನ್ನು ಕೊಂದ ಉದಾಹರಣೆಗಳಿವೆ.

ಅಡುಗೆ ಅನಿಲದ ಬಗ್ಗೆ ಒಂದೇ ಮಾತು: ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ದೋಣಿಯ ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ಒಲೆ ಆರಿಸುವಾಗ ಸಿಲಿಂಡರ್ ಹತ್ತಿರವೂ ಬಂದ್ ಮಾಡುತ್ತೇವೆ. ಚಂಡಮಾರುತದ ಮುನ್ಸೂಚನೆ ಬಂದರೆ ಚಪ್ಪರ, ಹಾಯಿ ಎಲ್ಲಾ ಇಳಿಸಿ, ಹಗ್ಗಗಳನ್ನು ದುಪ್ಪಟ್ಟು ಮಾಡಿ, ಉಜ್ಜುವ ಕಡೆ ಹಳೆಯ ಪೈಪು ತೊಡಿಸಿ, ನಾವು ದಡಕ್ಕೆ ಹೋಗುತ್ತೇವೆ. ದೋಣಿಯಲ್ಲೇ ಉಳಿಯುವ ಶೌರ್ಯ ನನಗೆ ಬೇಡ.

ಜೆಟ್ಟಿಯಲ್ಲಿ ಬರೆದಿಡದ ಒಂದು ಕರಾರಿದೆ: ಯಾರ ಬಿಲ್ಜ್ ಪಂಪಾದರೂ (ದೋಣಿಯ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪು) ಪದೇ ಪದೇ ನೀರು ಉಗುಳುತ್ತಿದ್ದರೆ ಬಾಗಿಲು ತಟ್ಟಬೇಕು, ಎಷ್ಟೇ ಹೊತ್ತಾಗಿರಲಿ. ನೀರಿನ ಮಟ್ಟದಿಂದ 60 ಸೆಂ.ಮೀ. ಕೆಳಗೆ 25 ಮಿ.ಮೀ. ತೂತಾದರೂ ನಿಮಿಷಕ್ಕೆ 60 ಲೀಟರ್‌ನಷ್ಟು ನೀರು ನುಗ್ಗುತ್ತದೆ. ಬ್ಯಾಟರಿ ಮುಗಿದರೆ ಪಂಪೂ ನಿಲ್ಲುತ್ತದೆ. ಅದಕ್ಕೇ ಎಡಬಲದ ಎರಡೂ ದೋಣಿಗಳ ಕೀಲಿ ನಮ್ಮಲ್ಲಿದೆ, ನಮ್ಮದು ಅವರಲ್ಲಿದೆ. ಊರು ಬಿಡುವ ಮುಂಚೆ ತಳದ ಯಾವ ವಾಲ್ವ್ ಎಲ್ಲಿದೆ ಎಂದು ಒಂದು ಚೀಟಿಯಲ್ಲಿ ಗೀಚಿ ಅವರ ಕೈಗೆ ಕೊಟ್ಟು ಹೋಗುತ್ತೇವೆ.