ಆಫ್ ಮಾಡಿದ ಮೇಲೂ ಮಿಣುಕುತ್ತಿದ್ದ ಬಲ್ಬು

ಸಾಗರ ಪೇಟೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆ 1994ರಲ್ಲಿ ಅಪ್ಪ ಕಟ್ಟಿಸಿದ್ದು. ವೈರಿಂಗೂ ಆಗಿನದೇ. ಮಳೆಗಾಲದಲ್ಲಿ ಒಂದು ಸ್ವಿಚ್ ಕೆಟ್ಟರೆ ಪೇಟೆಯಿಂದ ಎಲೆಕ್ಟ್ರಿಶಿಯನ್ ಬರಲು ವಾರವಾಗುತ್ತದೆ. ಹಾಗಾಗಿ ಸಣ್ಣಪುಟ್ಟ ಕೆಲಸ ನಾನೇ ಕಲಿತೆ. ಸ್ವಿಚ್ ಬದಲಿಸಿದೆ, ರೆಗ್ಯುಲೇಟರ್ ಹಾಕಿದೆ, ನಿಧಾನವಾಗಿದ್ದ ಫ್ಯಾನ್ ಸರಿಮಾಡಿದೆ. ಎಲ್ಲವೂ ಸರಿಯಾಗಿ ನಡೆದವು. ಧೈರ್ಯ ಜಾಸ್ತಿಯಾಯಿತು.

ಆ ಧೈರ್ಯದಲ್ಲೇ ಬಚ್ಚಲುಮನೆಯ ಹೊರಗೆ ಹೊಸದಾಗಿ ಒಂದು ಎಲ್‌ಇಡಿ ಬಲ್ಬು ಹಾಕಿದೆ. ಹತ್ತಿರದ ಬೋರ್ಡಿನ ಸಾಕೆಟ್‌ನಿಂದ ಎರಡು ವೈರ್ ತೆಗೆದು, ಒಂದನ್ನು ಸ್ವಿಚ್ಚಿಗೆ, ಇನ್ನೊಂದನ್ನು ನೇರ ಹೋಲ್ಡರಿಗೆ ಕೊಟ್ಟೆ. ಸ್ವಿಚ್ ಹಾಕಿದರೆ ಬಲ್ಬು ಹತ್ತಿತು, ತೆಗೆದರೆ ಆರಿತು. ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡೆ. ರಾತ್ರಿ ಪೂರ್ತಿ ಕತ್ತಲಾದ ಮೇಲೆ ನೋಡಿದರೆ, ಆರಿಸಿದ ಬಲ್ಬು ಸಣ್ಣಗೆ ಮಿಣುಕುತ್ತಿತ್ತು. ಬಲ್ಬೇ ಸರಿಯಿಲ್ಲ ಅಂತ ಬೇರೆ ತಂದೆ. ಅದೂ ಮಿಣುಕಿತು. ನಾಲ್ಕು ತಿಂಗಳು ಹಾಗೇ ಬಿಟ್ಟೆವು.

ಬೇರೆ ಕೆಲಸಕ್ಕೆ ಬಂದಿದ್ದ ಎಲೆಕ್ಟ್ರಿಶಿಯನ್ ಅದನ್ನು ನೋಡಿದರು. ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದವರು. ಸ್ವಿಚ್ ಆಫ್ ಇದ್ದಾಗಲೇ ಬಲ್ಬು ಬಿಚ್ಚಿ ಹೋಲ್ಡರಿಗೆ ಟೆಸ್ಟರ್ ಇಟ್ಟರು. ಟೆಸ್ಟರ್ ಹತ್ತಿತು. "ನೀವು ಸ್ವಿಚ್ ಕೊಟ್ಟಿದ್ದು ನ್ಯೂಟ್ರಲ್‌ಗೆ ಮಾರಾಯ್ರೇ. ಹೋಲ್ಡರಿನಲ್ಲಿ ಹಗಲೂ ರಾತ್ರಿ ಕರೆಂಟು ಇದೆ" ಅಂದರು.

ನನಗೆ ಕೈಕಾಲು ತಣ್ಣಗಾಯಿತು. ಆ ನಾಲ್ಕು ತಿಂಗಳಲ್ಲಿ ಅಮ್ಮ ಎಷ್ಟು ಸಲ ಸ್ಟೂಲ್ ಹತ್ತಿ ಒದ್ದೆ ಬಟ್ಟೆಯಲ್ಲಿ ಆ ಹೋಲ್ಡರ್ ಒರೆಸಿದ್ದಾರೋ. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವ ನಂಬಿಕೆಯಲ್ಲೇ ಒರೆಸಿದ್ದು ಅಲ್ವಾ? ಕರೆಂಟು ತರುವುದು ಫೇಸ್ ವೈರು, ವಾಪಸ್ ಒಯ್ಯುವುದು ನ್ಯೂಟ್ರಲ್. ಸ್ವಿಚ್ ಯಾವಾಗಲೂ ಫೇಸ್ ವೈರನ್ನೇ ಕತ್ತರಿಸಬೇಕು. ನ್ಯೂಟ್ರಲ್ ಕತ್ತರಿಸಿದರೂ ಬಲ್ಬು ಆರುತ್ತದೆ, ಆದರೆ ಫೇಸ್ ಹೋಲ್ಡರಿನ ತನಕ ಬಂದು ಕಾಯುತ್ತಾ ಇರುತ್ತದೆ. ಅಲ್ಲಿಂದ ಸೋರುವ ಚೂರು ಕರೆಂಟೇ ಎಲ್‌ಇಡಿ ಮಿಣುಕಲು ಸಾಕು. ಎಲ್ಲ ಮಿಣುಕಿಗೂ ಇದೇ ಕಾರಣ ಅಂತಲ್ಲ, ಇಂಡಿಕೇಟರ್ ಇರುವ ಸ್ವಿಚ್ಚಿನಲ್ಲೂ ಹೀಗಾಗಬಹುದು. ಆದರೆ ಮಿಣುಕು ಕಂಡರೆ ಮೊದಲು ನೋಡಬೇಕಾದ್ದು ಇದನ್ನೇ. ಸರಿಮಾಡಲು ಅವರಿಗೆ ಹತ್ತು ನಿಮಿಷ ಸಾಕಾಯಿತು.

ಆವತ್ತಿನಿಂದ ಕೆಲಸ ಹಂಚುವ ನನ್ನ ಲೆಕ್ಕ ಬದಲಾಯಿತು. ಮೊದಲು ಸುಲಭವಾದದ್ದು ನನಗೆ, ಕಷ್ಟದ್ದು ಎಲೆಕ್ಟ್ರಿಶಿಯನ್‌ಗೆ ಅಂತಿದ್ದೆ. ಈಗ ಕೇಳಿಕೊಳ್ಳುವುದು ಬೇರೆ: ತಪ್ಪು ಮಾಡಿದರೆ ನನಗೆ ಕೂಡಲೇ ಗೊತ್ತಾಗುತ್ತದಾ? ಫ್ಯಾನು ತಿರುಗಲು ನೆರವಾಗುವ ಕೆಪಾಸಿಟರ್ ಅನ್ನು ತಪ್ಪಾಗಿ ಹಾಕಿದರೆ ಫ್ಯಾನು ಸರಿಯಾಗಿ ತಿರುಗುವುದಿಲ್ಲ, ಅಲ್ಲೇ ತಿಳಿಯುತ್ತದೆ. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗ್ ಇಲ್ಲದ ಗೀಸರ್ ನೀರನ್ನು ಚೆನ್ನಾಗಿಯೇ ಕಾಯಿಸುತ್ತದೆ. ತೆಳು ವೈರಿನಲ್ಲೂ ಸಾಕೆಟ್ ವರ್ಷಗಟ್ಟಲೆ ಕೆಲಸ ಮಾಡುತ್ತದೆ, ಗೋಡೆಯೊಳಗೆ ಬಿಸಿಯಾಗುತ್ತಾ. ಹೀಗೆ ತಪ್ಪಿದ್ದರೂ ನಡೆದುಬಿಡುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ.

ಆಮೇಲೆ ತಿಳಿಯಿತು, ಕಾನೂನು ಎಳೆದ ಗೆರೆಯೂ ಹೆಚ್ಚುಕಡಿಮೆ ಇಲ್ಲೇ ಇದೆ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೂ, 2023ರಲ್ಲಿ ಹೊಸ ನಿಯಮ ಬರುವ ತನಕ ಜಾರಿಯಲ್ಲಿದ್ದ 2010ರ ಸುರಕ್ಷತಾ ನಿಯಮಗಳಲ್ಲೂ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಲು ವಿನಾಯಿತಿ ಇತ್ತು. ಆದರೆ ಅದರಿಂದ ವೈರಿಂಗಿನ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗಬಾರದು ಅಂತಿತ್ತು. ಉಳಿದದ್ದನ್ನು ಲೈಸೆನ್ಸ್ ಇರುವ ಗುತ್ತಿಗೆದಾರರ ಕಡೆಯಿಂದಲೇ ಮಾಡಿಸಬೇಕು. ಇದ್ದ ಸ್ವಿಚ್ ತೆಗೆದು ಅಂಥದ್ದೇ ಹಾಕಿದರೆ ತೊಂದರೆಯಿಲ್ಲ. ನಾನು ಹಾಕಿದ ಹೊಸ ಪಾಯಿಂಟ್ ಗೆರೆಯ ಆಚೆಗಿನದು.

ನಾನೇ ಮಾಡುವ ಕೆಲಸದಲ್ಲೂ ಒಂದು ವಿಷಯವನ್ನು ಒತ್ತಿ ಹೇಳಬೇಕು. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಇನ್ವರ್ಟರ್ ಇದೆ. ಮೇನ್ ಇಳಿಸಿದರೆ ಕರೆಂಟು ಹೋಯಿತು ಅಂದುಕೊಳ್ಳುತ್ತೇವೆ. ಇನ್ವರ್ಟರಿಗೆ ಅದು ಬರೀ ಪವರ್ ಕಟ್. ಕಣ್ಣು ಮಿಟುಕಿಸುವುದರೊಳಗೆ ಅದು ಲೈಟು ಫ್ಯಾನಿನ ಲೈನಿಗೆ ತನ್ನದೇ 230 ವೋಲ್ಟ್ ಕೊಡುತ್ತದೆ. ನಾನು ಮೊದಲು ಇನ್ವರ್ಟರ್ ಆಫ್ ಮಾಡುತ್ತೇನೆ, ಆಮೇಲೆ ಮೇನ್ ಇಳಿಸುತ್ತೇನೆ, ಮೇನ್ ಮೇಲೆ ಚೀಟಿ ಅಂಟಿಸುತ್ತೇನೆ. ಮನೆಯಲ್ಲಿ ಇನ್ನೊಬ್ಬರು ಇಲ್ಲದಿದ್ದರೆ ಶುರುವೇ ಮಾಡುವುದಿಲ್ಲ.

ಟೆಸ್ಟರ್ ಹತ್ತಲಿಲ್ಲ ಅಂತ ಮುಟ್ಟುವುದೂ ತಪ್ಪು, ಟೆಸ್ಟರೇ ಕೆಟ್ಟಿರಬಹುದು. ಮೇನ್ ಇಳಿಸುವ ಮೊದಲು ಕರೆಂಟು ಇರುವ ಸಾಕೆಟ್‌ನಲ್ಲಿ ಅದು ಹತ್ತುವುದನ್ನು ನೋಡಿಕೊಂಡು, ಆಮೇಲೆ ಕೆಲಸದ ಜಾಗದಲ್ಲಿ ಪ್ರತಿಯೊಂದು ವೈರಿಗೂ ಇಡಬೇಕು. ಒಮ್ಮೆ ಸಾಕೆಟ್‌ನ ಎರಡೂ ತೂತಿನಲ್ಲಿ ಟೆಸ್ಟರ್ ಹತ್ತಿತ್ತು. ನ್ಯೂಟ್ರಲ್ ಎಲ್ಲೋ ಕಡಿದು, ಹಾಕಿದ್ದ ಬಲ್ಬಿನ ಮೂಲಕ ಫೇಸ್ ಆ ಕಡೆಗೂ ಬಂದಿತ್ತು. ನ್ಯೂಟ್ರಲ್ ಶಾಕ್ ಹೊಡೆಯುವುದಿಲ್ಲ ಅನ್ನುವ ಮಾತನ್ನು ಅವತ್ತೇ ಬಿಟ್ಟೆ. ಹಳೇ ಮನೆಯಲ್ಲಿ ಬಣ್ಣವನ್ನೂ ನಂಬುವ ಹಾಗಿಲ್ಲ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್ ಅಂತ ಪದ್ಧತಿ. ನಮ್ಮ ಒಂದು ಬೋರ್ಡಿನಲ್ಲಿ ಎಲ್ಲವೂ ಕಪ್ಪು! ಫ್ಯಾನಿನ ಕೆಪಾಸಿಟರ್ ಕೂಡ ಕರೆಂಟು ತೆಗೆದ ಮೇಲೂ ಸ್ವಲ್ಪ ಹಿಡಿದಿಟ್ಟುಕೊಂಡಿರುತ್ತದೆ. ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರಿನಿಂದ ಅದರ ಎರಡೂ ತುದಿ ಕೂಡಿಸಿ, ಆಮೇಲೆ ಬಿಚ್ಚುತ್ತೇನೆ.

ಇನ್ನು ಗೀಸರ್ ವಿಷಯ. ಇಲ್ಲಿ ಎಲೆಕ್ಟ್ರಿಶಿಯನ್‌ನನ್ನು ಕರೆದರೆ ಸಾಲದು, ಕೆಲಸ ಹೇಗೆ ಮಾಡುತ್ತಾರೆ ಅಂತಲೂ ನೋಡಬೇಕು ಅಂತ ಕಲಿತೆ. ಮೊದಲು ಬಂದವರು ಬೋರ್ಡ್ ಬಿಚ್ಚಿ, ಲೈಟಿನ ಲೈನಿನಿಂದಲೇ ವೈರ್ ಎಳೆದು ಕೊಡುತ್ತೇನೆ, ಅರ್ಧ ಗಂಟೆಯ ಕೆಲಸ ಅಂದರು. ನಾನು ಲೆಕ್ಕ ಹಾಕಿದೆ. ಗೀಸರಿನ 2000 ವಾಟ್ ಅನ್ನು 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 8.7 ಆಂಪಿಯರ್. ಆ ಲೈನಿನಲ್ಲಿದ್ದದ್ದು ಲೈಟಿಗೆ ಹಾಕುವ 1 ಸ್ಕ್ವೇರ್ ಎಂಎಂನ ತೆಳು ವೈರು, ಗೀಸರಿಗೆ ಹಾಕುವಂಥದ್ದಲ್ಲ. ಬೇಡ ಅಂದೆ.

ಆಮೇಲೆ ಬಲ್ಬಿನ ತಪ್ಪು ಹಿಡಿದ ಅದೇ ಹಿರಿಯರನ್ನು ಕರೆದೆ. "ಅಣ್ಣ, ಎಷ್ಟು ದಪ್ಪದ ವೈರ್ ತರಬೇಕು?" ಅಂದೆ. ಅವರು ಉತ್ತರ ಕೊಡದೆ ಹಿತ್ತಿಲಿಗೆ ನಡೆದು ಅರ್ತ್ ಗುಂಡಿ ತೋರಿಸಿ ಅಂದರು. ಗುಂಡಿಯ ಮೇಲೆ ಕಟ್ಟಿಗೆ ರಾಶಿ ಇತ್ತು. ತೆಗೆದು ನೋಡಿದರೆ ಪೈಪಿಗೆ ಕಟ್ಟಿದ ವೈರು ತುಕ್ಕು ಹಿಡಿದು ಕಡಿದು ಬಿದ್ದಿತ್ತು. ಮನೆಯ ಎಲ್ಲ ಸಾಕೆಟ್‌ನಲ್ಲೂ ಮೂರನೇ ತೂತು ಇತ್ತು, ಅದು ಎಲ್ಲಿಗೂ ಸೇರಿರಲಿಲ್ಲ. ಎಷ್ಟು ವರ್ಷದಿಂದ ಹಾಗಿತ್ತೋ! ಮೊದಲು ಗುಂಡಿ ತೆಗೆದು ಹೊಸ ಪೈಪು, ಇದ್ದಿಲು, ಉಪ್ಪು ಹಾಕಿದರು. ಆಮೇಲೆ ಮೇನ್ ಬೋರ್ಡಿನಿಂದ ಗೀಸರಿಗೆ ಅಂತಲೇ 4 ಸ್ಕ್ವೇರ್ ಎಂಎಂ ವೈರು, ಅದಕ್ಕೆ ಲೋಡ್ ಮೀರಿದರೆ ತಾನೇ ಬೀಳುವ ಬೇರೆ ಎಂಸಿಬಿ, ಇಡೀ ಮನೆಗೆ ಕರೆಂಟು ಸೋರಿದರೆ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ. ಎರಡು ದಿನ ಹಿಡಿಯಿತು. ಸಾಮಾನು, ಕೂಲಿ ಸೇರಿ ₹8,000 ದಾಟಿತು. ಆ ದುಡ್ಡಿನಲ್ಲಿ ಒಂದು ರೂಪಾಯಿಯೂ ಜಾಸ್ತಿ ಅನ್ನಿಸಲಿಲ್ಲ.

ಎಂಸಿಬಿ ಇದೆಯಲ್ಲ, ಇನ್ನೇನು ಅನ್ನುವವರಿಗೆ ಒಂದು ಮಾತು. ಎಂಸಿಬಿ ಕಾಯುವುದು ವೈರನ್ನು. ಲೋಡ್ ಮೀರಿದರೆ, ಶಾರ್ಟ್ ಆದರೆ ಬೀಳುತ್ತದೆ. ಮನುಷ್ಯನಿಗೆ ಶಾಕ್ ಹೊಡೆದಾಗ ಮೈಯಲ್ಲಿ ಹರಿಯುವಷ್ಟು ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ. ಆರ್‌ಸಿಸಿಬಿ ಹೋದ ಕರೆಂಟು ಪೂರ್ತಿ ವಾಪಸ್ ಬಂತಾ ಅಂತ ನೋಡುತ್ತಾ ಇರುತ್ತದೆ. ದಾರಿಯಲ್ಲಿ ಸೋರಿದರೆ ತಕ್ಷಣ ಕಡಿಯುತ್ತದೆ. ಅದರ ಮೇಲಿರುವ ಟೆಸ್ಟ್ ಬಟನ್ ಅನ್ನು ತಿಂಗಳಿಗೊಮ್ಮೆ ನಾನೇ ಒತ್ತಿ ನೋಡುತ್ತೇನೆ.

ಕಳೆದ ಆಷಾಢದಲ್ಲಿ, ಮೂರು ದಿನ ಬಿಡದೆ ಮಳೆ ಹೊಯ್ದಾಗ ಆರ್‌ಸಿಸಿಬಿ ಪದೇ ಪದೇ ಬೀಳತೊಡಗಿತು. ಎಲ್ಲ ಎಂಸಿಬಿ ಇಳಿಸಿ ಒಂದೊಂದೇ ಏರಿಸಿದೆ. ಬಚ್ಚಲಿನ ಕಡೆಯ ಲೈಟಿನ ಲೈನ್ ಏರಿಸಿದ ಕೂಡಲೇ ಬಿತ್ತು. ಒದ್ದೆ ಗೋಡೆಯೊಳಗೆ ಎಲ್ಲೋ ಹಳೇ ಜಾಯಿಂಟ್ ಸೋರುತ್ತಿದೆ ಅಂತ ಗೊತ್ತಾಯಿತು. "ರೀ, ಅದನ್ನು ತಪ್ಪಿಸಿ ನೇರ ಕೊಟ್ಟುಬಿಡಿ, ಕತ್ತಲಲ್ಲಿ ಅಮ್ಮ ಹೇಗೆ ಹೋಗೋದು?" ಅಂದಳು ಹೆಂಡತಿ. ಅವಳು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ನಾನು ಮಾಡಲಿಲ್ಲ. ಆ ಲೈನಿನ ಎಂಸಿಬಿ ಇಳಿಸಿಯೇ ಇಟ್ಟು ಎಲೆಕ್ಟ್ರಿಶಿಯನ್‌ಗೆ ಫೋನ್ ಮಾಡಿದೆ. ಯಾವ ಲೈನು, ಏನಾಗುತ್ತಿದೆ ಅಂತ ಮೊದಲೇ ಹೇಳಿದ್ದರಿಂದ ಅವರು ಬೇಕಾದ ವೈರು ಹಿಡಿದುಕೊಂಡೇ ಬಂದರು. ಬರಲು ನಾಲ್ಕು ದಿನವಾಯಿತು. ಅಲ್ಲಿಯವರೆಗೆ ಅಮ್ಮನ ಜೊತೆ ಯಾರಾದರೊಬ್ಬರು ಟಾರ್ಚ್ ಹಿಡಿದು ಬಚ್ಚಲಿನ ಬಾಗಿಲ ತನಕ ಹೋಗಿ ಬರುತ್ತಿದ್ದೆವು.