ಅಡ್ಮಿಷನ್ ಫಾರ್ಮಿನಲ್ಲಿ ‘ಶಿಕ್ಷೆ ಆಗಿದೆಯೇ?’ ಎಂದು ಕೇಳಿದರೆ ಏನು ಬರೆಯಬೇಕು?

ಪಂಚಮಿ ಹಬ್ಬದಲ್ಲಿ ಇಸ್ಪೀಟು ಆಡುವಾಗ ಸಿಕ್ಕಿಬಿದ್ದು, ಕೋರ್ಟಿನಲ್ಲಿ ‘ಗುನ್ಹೆ ಕಬೂಲ್’ ಎಂದು ದಂಡ ಕಟ್ಟಿ, ಅಲ್ಲಿಗೆ ಕೇಸು ಹರಿಯಿತು ಎಂದುಕೊಂಡ ಹುಡುಗರು ಬೆಳಗಾವಿ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಕೇಸು ಹರಿದದ್ದು ಖರೆ. ಆದರೆ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಕಲಂ ಅಡಿ ಕಟ್ಟಿದ ಆ ಸಣ್ಣ ದಂಡವೂ ಶಿಕ್ಷೆಯ ಲೆಕ್ಕಕ್ಕೇ ಸೇರುತ್ತದೆ. ಎಂ.ಎ., ಬಿ.ಇಡಿ. ಸೀಟಿಗೆ ಅರ್ಜಿ ಹಾಕುವಾಗ ಈ ಪ್ರಶ್ನೆ ಎದುರಾದರೆ ‘ಇಲ್ಲ’ ಎಂದು ಗೀಚಿಬಿಡಬೇಡಿ.

ಮೊದಲು ಪ್ರಶ್ನೆಯನ್ನು ಎರಡು ಸಲ ಓದಿ. ಎಫ್‌ಐಆರ್ ಆಗಿದೆಯೇ, ಕೇಸು ನಡೆಯುತ್ತಿದೆಯೇ, ಶಿಕ್ಷೆ ಆಗಿದೆಯೇ: ಮೂರೂ ಬೇರೆ ಬೇರೆ. ಹೊಲದ ಬದುವಿನ ತಗಾದೆಯಲ್ಲಿ ಅಣ್ಣತಮ್ಮಂದಿರ ಜೊತೆ ನಿಮ್ಮ ಹೆಸರೂ ಎಫ್‌ಐಆರ್‌ಗೆ ಸೇರಿ, ಪೊಲೀಸರು ಬಿ ರಿಪೋರ್ಟ್ (ಕೇಸು ಮುಚ್ಚುವ ವರದಿ) ಹಾಕಿದ್ದರೆ ಅದು ಶಿಕ್ಷೆಯಲ್ಲ. ಕೋರ್ಟಿನಲ್ಲಿ ರಾಜಿಯಾದ ಕೇಸು ಕಾನೂನಿನ ಪ್ರಕಾರ ಖುಲಾಸೆಗೆ ಸಮ. ಕೇಳಿದ್ದು ಶಿಕ್ಷೆಯನ್ನಷ್ಟೇ ಆದರೆ ಇವನ್ನು ಬರೆಯಬೇಕಿಲ್ಲ. ಫಾರ್ಮು ಏನನ್ನೂ ಕೇಳದಿದ್ದರೆ ತಾನಾಗಿ ಹೇಳಿಕೊಳ್ಳುವ ಉಸಾಬರಿಯೂ ಬೇಡ. ರ್‍ಯಾಗಿಂಗ್ ವಿರೋಧಿ ಮುಚ್ಚಳಿಕೆಯೇ ಬೇರೆ. ಅದು ಎಲ್ಲರೂ ಕೊಡುವಂಥದ್ದು.

ನಂತರ ಕಾಗದ ಕೂಡಿಸಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಅಥವಾ ಗುನ್ನೆ ನಂಬರ್ ಹಾಕಿ ಹುಡುಕಿದರೆ ಕೇಸಿನ ಸ್ಥಿತಿ ಸಿಗುತ್ತದೆ. ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಕೊಟ್ಟು ತೀರ್ಪಿನ ದೃಢೀಕೃತ ಪ್ರತಿ ತೆಗೆಸಿ. ‘ಎಲ್ಲಾ ಮುಗದೈತಿ, ಏನೂ ಆಗಂಗಿಲ್ಲ’ ಎಂಬ ಊರ ಹಿರಿಯರ ಮಾತು ಅಡ್ಮಿಷನ್ ಕಮಿಟಿಯ ಮುಂದೆ ನಡೆಯುವುದಿಲ್ಲ.

ಬರೆಯುವುದು ನಾಲ್ಕೇ ಸಾಲು ಇರಲಿ. ಮಾದರಿಗೆ: ‘2023ರಲ್ಲಿ ಇಂಥ ಠಾಣೆಯಲ್ಲಿ ದಾಖಲಾದ ಇಸ್ಪೀಟು ಪ್ರಕರಣದಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದೇನೆ. ಬೇರೆ ಪ್ರಕರಣ ಯಾವುದೂ ಇಲ್ಲ. ತೀರ್ಪಿನ ಪ್ರತಿ ಲಗತ್ತಿಸಿದ್ದೇನೆ.’ ಪೊಲೀಸರನ್ನು ಬಯ್ಯುವುದು, ಗೆಳೆಯರ ಮೇಲೆ ಹಾಕುವುದು ಬೇಡ.

ಎರಡು ವಿನಾಯಿತಿಗಳಿವೆ. 18 ತುಂಬುವ ಮೊದಲಿನ ಪ್ರಕರಣವಾದರೆ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಅದರಿಂದ ಅನರ್ಹತೆ ಬರುವುದಿಲ್ಲ. 16 ದಾಟಿದವರನ್ನು ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಿಸಿದ್ದರೆ ಮಾತ್ರ ಇದು ಅನ್ವಯಿಸದು. 1958ರ ಪ್ರೊಬೇಷನ್ ಕಾಯ್ದೆಯಡಿ, ಅಂದರೆ ಜೈಲಿಗೆ ಕಳಿಸದೆ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಕೋರ್ಟು ಬಿಟ್ಟಿದ್ದರೆ, ಹಾಗೆ ಬಿಡುಗಡೆಯಾದವರಿಗೂ ಇಂಥದ್ದೇ ರಕ್ಷಣೆಯಿದೆ. ಇಂಥವರು ಫಾರ್ಮಿನಲ್ಲಿ ಏನು ಬರೆಯಬೇಕೆಂದು ವಕೀಲರನ್ನು ಕೇಳಿಕೊಳ್ಳುವುದು ಜಾಣತನ.

ಮುಚ್ಚಿಟ್ಟರೇನು? ಅವತಾರ್ ಸಿಂಗ್ ಪ್ರಕರಣದಲ್ಲಿ (2016) ಸುಪ್ರೀಂ ಕೋರ್ಟ್ ಹೇಳಿದ್ದು ನೌಕರಿಯ ವಿಷಯ: ಕೊಡುವ ಮಾಹಿತಿ ಸತ್ಯವಾಗಿರಬೇಕು, ಕ್ಷುಲ್ಲಕ ಪ್ರಕರಣವನ್ನು ಮಾಲೀಕರು ಮನ್ನಿಸಬಹುದು. ನಾಳೆ ಸರ್ಕಾರಿ ನೌಕರಿಗೆ ಪೊಲೀಸ್ ಪರಿಶೀಲನೆ ನಡೆದಾಗ ಹಳೆಯ ದಂಡ ಹೊರಬರುತ್ತದೆ. ಕಾಲೇಜಿಗೆ ಒಂದು, ಇಲಾಖೆಗೆ ಒಂದು ಹೇಳಿದ್ದರೆ ಫಜೀತಿ.

ವಿದೇಶಕ್ಕೆ ಹೋಗುವವರ ಲೆಕ್ಕ ಬೇರೆ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳ ಪ್ರವೇಶ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ ಯುಕಾಸ್ 2019ರ ಪ್ರವೇಶದಿಂದ ಎಲ್ಲರಿಗೂ ಈ ಪ್ರಶ್ನೆ ಕೇಳುವುದನ್ನು ಬಿಟ್ಟಿದೆ. ವೈದ್ಯಕೀಯ, ಶಿಕ್ಷಕ ತರಬೇತಿಯಂಥ ಕೋರ್ಸಿಗೆ ಮಾತ್ರ ಕೇಳುತ್ತದೆ. ಅರ್ಜಿ ಕೇಳದಿದ್ದರೂ ವೀಸಾ ಫಾರ್ಮು ಕೇಳುತ್ತದೆ.

ವಕೀಲರ ಫೀ ಭಾರವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ನೆರವು ಉಚಿತ. ಭರ್ತಿ ಮಾಡಿದ ಫಾರ್ಮಿನ ಝೆರಾಕ್ಸ್ ಮೇಲೆ ಕಚೇರಿಯ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಇಟ್ಟುಕೊಳ್ಳಿ.