ಜಾಡಿಯ ಕುತ್ತಿಗೆಯಲ್ಲಿ ಉಳಿಯುವ ಗಾಳಿ

ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿ ಹೇರಳವಾಗಿ ಸಿಗುವುದರಿಂದ, ಕ್ರಿಸ್‌ಮಸ್ಸಿಗೆಂದು ಮನೆಯಲ್ಲೇ ವೈನ್ ಹಾಕುವವರು ಹಣ್ಣು, ಸಕ್ಕರೆ, ಯೀಸ್ಟ್‌ಗಳ ಅಳತೆಯನ್ನು ಬಲು ಜಾಗ್ರತೆಯಿಂದ ನೋಡಿಕೊಳ್ಳುತ್ತಾರೆ. ಆದರೆ ರಸವನ್ನು ಹುದುಗಲು ಇಟ್ಟ ಮೇಲೆ ಅದು ಕೆಡುವುದು ಹೆಚ್ಚಾಗಿ ಜಾಡಿಯ ಖಾಲಿ ಜಾಗದಿಂದ.

ಮೊದಲ ವಾರ ಆ ಜಾಗ ಬೇಕೇ ಬೇಕು. ನೊರೆಯೂ ಸಿಪ್ಪೆಯೂ ಮೇಲೇಳುವುದರಿಂದ ಜಾಡಿಯ ಕಾಲು ಭಾಗವನ್ನು ಖಾಲಿ ಬಿಡಿ. ಆಗ ಹೊರಬರುವ ಇಂಗಾಲದ ಡೈಆಕ್ಸೈಡ್ ಗಾಳಿಯನ್ನು ಹೊರದೂಡುತ್ತಿರುತ್ತದೆ. ಬಿಗಿ ಮುಚ್ಚಳ ಮಾತ್ರ ಬೇಡ, ಒತ್ತಡಕ್ಕೆ ಗಾಜು ಸಿಡಿಯುತ್ತದೆ.

ಗುಳ್ಳೆ ನಿಂತ ಮೇಲೆ ಈ ರಕ್ಷಣೆ ಇರುವುದಿಲ್ಲ. ಮುಚ್ಚಳ ತೆರೆದಾಗಲೆಲ್ಲ ಒಳಹೊಗುವ ಗಾಳಿಯಲ್ಲಿ ಶೇ. 21ರಷ್ಟು ಆಮ್ಲಜನಕವಿದ್ದು, ಅದು ಬಣ್ಣವನ್ನು ಕಂದಿಸಿ, ಕೊಯ್ದಿಟ್ಟ ಸೇಬಿನ ವಾಸನೆ ತರುತ್ತದೆ. ವೈನನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಕ್ಕೂ ಅದೇ ಆಧಾರ. ಉಪ್ಪಿನಕಾಯಿಯ ಮೇಲೆ ಎಣ್ಣೆ ನಿಂತಿರಬೇಕೆಂದು ನಮ್ಮ ತಾಯಂದಿರು ಪಟ್ಟು ಹಿಡಿಯುತ್ತಿದ್ದುದೂ ಗಾಳಿಯನ್ನು ದೂರವಿಡಲೆಂದೇ. ಒಂದು ವರ್ಷ ನಾನು ಹತ್ತು ಲೀಟರಿನ ಜಾಡಿಯಲ್ಲಿ ಆರು ಲೀಟರು ಮಾತ್ರ ಉಳಿಸಿ ಮೂರು ವಾರ ಬಿಟ್ಟಿದ್ದೆ. ತೆರೆದಾಗ ಮೇಲೆ ತೆಳ್ಳನೆಯ ಬಿಳಿ ಪೊರೆ ಕಟ್ಟಿತ್ತು, ಮೂಗಿಗೆ ಹುಳಿ ಹೊಡೆಯಿತು, ಅಷ್ಟನ್ನೂ ಚೆಲ್ಲಬೇಕಾಯಿತು.

ಆದ್ದರಿಂದ ತಿಳಿಯನ್ನು ಅಳತೆಗೆ ಸರಿಹೊಂದುವ ಚಿಕ್ಕ ಗಾಜಿನ ಜಾಡಿಗಳಿಗೆ, ಬಾಯಿಂದ ಎರಡು ಬೆರಳು ಕೆಳಗಿನವರೆಗೆ ತುಂಬಿ, ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ನೀರಿನ ಬಿರಡೆ, ಅಂದರೆ ಏರ್‌ಲಾಕ್, ಹಾಕಿ. ಮೇಲಿನಿಂದ ಸುರಿಯಬೇಡಿ, ಕೊಳವೆಯ ತುದಿ ಕೆಳಗಿನ ಜಾಡಿಯ ತಳ ಮುಟ್ಟುತ್ತಿರಲಿ, ರಸ ಸದ್ದಿಲ್ಲದೆ ಏರಲಿ. ಇನ್ನೂ ಕೊರತೆಯಾದರೆ ಹಿಂದಿನ ವರ್ಷದ ಒಳ್ಳೆಯ ವೈನ್ ಬೆರೆಸಬಹುದು, ಇಲ್ಲವೆ ಕುದಿಸಿ ತೊಳೆದ ಗಾಜಿನ ಗೋಲಿಗಳನ್ನು ಮೆಲ್ಲನೆ ಇಳಿಬಿಟ್ಟು ಮಟ್ಟ ಏರಿಸಬಹುದು. ನೀರು ಬೆರೆಸುವುದನ್ನು ನಾನು ಒಪ್ಪುವುದಿಲ್ಲ.

ಫ್ರಿಜ್ಜಿನಲ್ಲಿ ಮಾಗಿಸುವವರು, ಲಾಗರ್ ಬಿಯರನ್ನು ವಾರಗಟ್ಟಲೆ ತಣ್ಣಗಿಡುವವರ ಹಾಗೆಯೇ, ಇನ್ನೊಂದು ಮಾತನ್ನು ನೆನಪಿಡಬೇಕು: ತಣಿದಾಗ ಜಾಡಿಯೊಳಗಿನ ಅನಿಲವೂ ದ್ರವವೂ ಕುಗ್ಗಿ, ಏರ್‌ಲಾಕಿನ ನೀರನ್ನೂ ಅದರ ಹಿಂದೆಯೇ ಗಾಳಿಯನ್ನೂ ಒಳಗೆಳೆದುಕೊಳ್ಳುತ್ತವೆ, ತಣ್ಣನೆಯ ದ್ರವದಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ ಕೂಡ. ಖಾಲಿ ಜಾಗ ಕಡಿಮೆಯಿದ್ದಷ್ಟೂ ಈ ಸೆಳೆತ ಕಡಿಮೆ. ಹಬ್ಬದ ದಿನ ತೆರೆದ ಸೀಸೆ ಅರ್ಧ ಉಳಿದರೆ, ಅದನ್ನು ಆಗಲೇ ಚಿಕ್ಕ ಸೀಸೆಗೆ ಕಂಠಮಟ್ಟ ತುಂಬಿ ಫ್ರಿಜ್ಜಿನಲ್ಲಿಡಿ, ಮೂರ್ನಾಲ್ಕು ದಿನದೊಳಗೆ ಮುಗಿಸಿ.